ಎದ್ದವರು ಆರಿಸಬೇಕು

ಮೀಟರಪ್ಪನಿಗೆ ಆ ಹೆಸರಿಟ್ಟವರು ಯಾರು ಎಂಬುದು ಆ ಅಪಾರ್ಟ್‌ಮೆಂಟಿನಲ್ಲಿ ಇವತ್ತಿಗೂ ಇತ್ಯರ್ಥವಾಗದ ವಿಷಯ. ನೆಲಮಹಡಿಯವರು ಮೊದಲನೇ ಮಹಡಿಯವರ ಮೇಲೆ ಹಾಕುತ್ತಾರೆ, ಅವರು ಎರಡನೆಯವರತ್ತ ಬೆರಳು ತೋರಿಸುತ್ತಾರೆ. ಯಾರೇ ಇಟ್ಟಿರಲಿ, ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಹೆಸರು ಅವನ ಮೈಗೆ ಕೂತುಬಿಟ್ಟಿತು. ಮೂವತ್ತೊಂದು ವರ್ಷ ಅವನು ಮಾಡಿದ್ದು ಅದೇ ಕೆಲಸ: ಮನೆಮನೆಯ ಮೆಟ್ಟಿಲ ಕೆಳಗೆ, ಜೇಡರ ಬಲೆಯ ಹಿಂದೆ, ಚಪ್ಪಲಿ ಗೂಡಿನ ಪಕ್ಕ ಬಗ್ಗಿ, ಟಾರ್ಚು ಬಿಟ್ಟು, ಕರೆಂಟಿನ ಮೀಟರು ಓದಿ ಬರೆದುಕೊಳ್ಳುವುದು. ಆಗಿನ ಮೀಟರುಗಳಲ್ಲಿ ಗಾಜಿನ ಹಿಂದೆ ಒಂದು ತಗಡಿನ ಚಕ್ರ ತಿರುಗುತ್ತಿತ್ತು, ಅದರ ಅಂಚಿಗೊಂದು ಕಪ್ಪು ಗುರುತು. ಆ ಗುರುತು ಎಷ್ಟು ಹೊತ್ತಿಗೊಮ್ಮೆ ಸುತ್ತಿ ಬರುತ್ತದೆ ಎಂದು ನೋಡಿಯೇ, ಒಳಗೆ ಇಸ್ತ್ರಿಪೆಟ್ಟಿಗೆ ಕಾಯುತ್ತಿದೆಯೋ, ಬರೀ ಫ್ಯಾನು ತಿರುಗುತ್ತಿದೆಯೋ, ಇಲ್ಲಾ ಯಾರೋ ಸ್ನಾನದ ನೀರಿಗೆ ಹೀಟರು ಹಾಕಿ ಮರೆತು ಫೋನಿನಲ್ಲಿ ಹರಟುತ್ತಿದ್ದಾರೋ ಎಂದು ಅವನು ಹೇಳಬಲ್ಲವನಾಗಿದ್ದ. ತಿಳಿದು ಸುಮ್ಮನಿರುವ ಜಾತಿಯೂ ಅಲ್ಲ. ಬಾಗಿಲು ತಟ್ಟಿ, “ಅಮ್ಮಾ, ನಿಮ್ಮ ಹೀಟರು” ಎಂದು ಹೇಳಿಯೇ ಮುಂದಿನ ಮನೆಗೆ ಹೋಗುತ್ತಿದ್ದ.

ಅವನದು ಜಿಪುಣತನ ಎಂದವರಿಗೆ ಅವನು ಗೊತ್ತಿಲ್ಲ. ಕೈ ಬಿಚ್ಚಿ ಖರ್ಚು ಮಾಡುವವನೇ. ಆದರೆ ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಅವನ ಕಣ್ಣ ಮುಂದೆ ಆ ಚಕ್ರ ತಿರುಗತೊಡಗುತ್ತಿತ್ತು, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಿವೃತ್ತಿಯಾದ ಮೇಲಂತೂ ಅವನ ಮೂರನೇ ಮಹಡಿಯ ಮನೆಯೇ ಅವನ ಕಚೇರಿಯಾಯಿತು. ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಸಿದ, ಅದರ ಬೆನ್ನಿಗೆ ಗಾಳಿಯಾಡಲಿ ಎಂದು. ಟೀವಿಯನ್ನು ರಿಮೋಟಿನಿಂದ ಆರಿಸಿದರೆ ಆರಿದಂತಲ್ಲ, ಗೋಡೆಯ ಸ್ವಿಚ್ಚೇ ಆರಬೇಕು. ಇಸ್ತ್ರಿ ವಾರಕ್ಕೊಂದೇ ಸಲ, ಎಲ್ಲ ಬಟ್ಟೆಗೂ ಒಟ್ಟಿಗೆ. ಅವನ ಹೆಂಡತಿ ನರ್ಸಿಂಗ್ ಹೋಮಿನಲ್ಲಿ ಸಂಜೆ ಪಾಳಿಯ ನರ್ಸು, ಮಾತಿನಲ್ಲಿ ಸೂಜಿ ಚುಚ್ಚಿದರೂ ನೋವಾಗದ ಹಾಗೆ ಚುಚ್ಚುವವಳು. “ಎಲ್ಲರ ಮನೇಲೂ ಕತ್ತಲೆ ರಾತ್ರಿ ಮಾತ್ರ ಡ್ಯೂಟಿ ಮಾಡತ್ತೆ. ನಮ್ಮನೇಲಿ ಪಾಪ, ಅದಕ್ಕೆ ರಜಾನೇ ಇಲ್ಲ” ಎನ್ನುತ್ತಿದ್ದಳು.

ಅಪಾರ್ಟ್‌ಮೆಂಟಿನ ಸಂಘದವರು ಇವನ ಉತ್ಸಾಹ ನೋಡಿ ಮೆಟ್ಟಿಲ ದೀಪಗಳ ಉಸ್ತುವಾರಿಯನ್ನು ಇವನ ತಲೆಗೇ ಕಟ್ಟಿದರು. ಆ ಕಟ್ಟಡಕ್ಕೆ ಲಿಫ್ಟಿಲ್ಲ. ರಾತ್ರಿಯಿಡೀ ಉರಿಯುತ್ತಿದ್ದ ಮೆಟ್ಟಿಲ ದೀಪಗಳನ್ನು ತೆಗೆಸಿ, ಪ್ರತಿ ಮಹಡಿಯಲ್ಲೂ ಒಂದೊಂದು ಗುಂಡಿ ಕೂರಿಸಿದ. ಒತ್ತಿದರೆ ಎಲ್ಲ ಮಹಡಿಯ ದೀಪವೂ ಒಂದೇ ಒಂದು ನಿಮಿಷ ಉರಿದು ತಾನಾಗಿ ಆರುತ್ತದೆ. ಒಂದು ನಿಮಿಷ ಸಾಕೇ ಎಂದು ಯಾರೋ ಕೇಳಿದ್ದಕ್ಕೆ, ಗಡಿಯಾರ ನೋಡಿಕೊಂಡು ತಾನೇ ಕೆಳಗಿನಿಂದ ಮೇಲಕ್ಕೆ ಹತ್ತಿ ತೋರಿಸಿದ. ಐವತ್ತು ಸೆಕೆಂಡು. ತಾನು ಹತ್ತಿದ್ದೇ ಎಲ್ಲರೂ ಹತ್ತುವ ಅಳತೆ ಎಂದು ಅಂದುಕೊಂಡ, ಅಷ್ಟೇ. ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಕೆಟ್ಟ ಮನಸ್ಸಿಲ್ಲದೆಯೂ ಎಷ್ಟು ಕೆಡಿಸಬಹುದು ಎನ್ನುವುದು ಅವನಿಗೆ ಆಗ ಗೊತ್ತಿರಲಿಲ್ಲ.

ದೀಪ ಆರಿಸುವ ಈ ಬುದ್ಧಿ ಅವನಿಗೆ ಬಂದದ್ದು ಅಕ್ಕನಿಂದ. ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಅಪ್ಪನಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಒಂದೇ ಕೋಣೆಯ ಮನೆ, ನಡುಮಧ್ಯೆ ಒಂದೇ ಬಲ್ಬು. ಅಕ್ಕ ಊರವರ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆ ಮೆಷಿನ್ನಿನ ನೆರಳು ತಮ್ಮನ ಪುಸ್ತಕದ ಮೇಲೆ ಬೀಳದ ಹಾಗೆ ತಾನೇ ಓರೆಯಾಗಿ ಕೂತು ಹೊಲಿಯುತ್ತಿದ್ದಳು, ಆಮೇಲೆ ಕತ್ತು ಹಿಡಿಯಿತೆಂದು ನರಳುತ್ತಿದ್ದಳು. ಆ ಮನೆಗೆ ಇದ್ದದ್ದು ಒಂದೇ ಕಾನೂನು: ಎದ್ದವರು ಆರಿಸಬೇಕು. ನೀರು ಕುಡಿಯಲು ಎದ್ದರೂ ಸರಿ, ಯಾರೋ ಬಾಗಿಲು ತಟ್ಟಿದರೂ ಸರಿ, ಕೋಣೆಯಲ್ಲಿ ಕಡೆಯವನಾಗಿ ಎದ್ದವನ ಕೈ ಮೊದಲು ಸ್ವಿಚ್ಚಿಗೆ ಹೋಗಬೇಕು, ಆಮೇಲೆ ಕಾಲು ಹೊಸ್ತಿಲಿಗೆ. ಮರೆತರೆ ಅಕ್ಕ ಬೈಯುತ್ತಿರಲಿಲ್ಲ. “ಲೋ, ನಿನ್ನ ಬಾಲ ಒಳಗೇ ಉರೀತಾ ಇದೆ” ಎನ್ನುತ್ತಿದ್ದಳು. ಅವನು ನಗುತ್ತಾ ಓಡಿಬಂದು ಆರಿಸುತ್ತಿದ್ದ. ಹೀಗೆ ಓಡಿ ಓಡಿಯೇ ಅವನ ಕೈಗೆ ಅದು ಎಷ್ಟು ಮೈಗೂಡಿತೆಂದರೆ, ಐವತ್ತು ವರ್ಷದ ಮೇಲೂ ತಲೆಯನ್ನು ಕೇಳದೆ ಕೈ ತಾನಾಗಿ ಆ ಕೆಲಸ ಮಾಡುತ್ತಿತ್ತು.

ಅಂಥ ಅಕ್ಕ, ತನ್ನ ಮನೆಗೆ ಸುಣ್ಣಬಣ್ಣ ನಡೆದಿದೆ ಎಂದು, ಹತ್ತು ದಿನ ಇರಲು ತಮ್ಮನ ಮನೆಗೆ ಬಂದಳು. ಬಂದ ಮೊದಲ ದಿನವೇ ಅವನಿಗೆ ದಿಗಿಲಾಯಿತು. ಅಕ್ಕ ಹೋದಲ್ಲೆಲ್ಲ ದೀಪ ಹಾಕುತ್ತಾಳೆ, ಬಂದಲ್ಲೆಲ್ಲ ಬಿಟ್ಟು ಬರುತ್ತಾಳೆ! ಬಚ್ಚಲಲ್ಲಿ ಹಗಲಲ್ಲೂ ದೀಪ. ರಾತ್ರಿ ಮಲಗುವ ಕೋಣೆಯಿಂದ ಬಚ್ಚಲ ತನಕ ಸಾಲಾಗಿ ದೀಪ. ಅವಳು ಹಾಕುತ್ತಾ ಹೋದಳು, ಇವನು ಹಿಂದಿನಿಂದ ಆರಿಸುತ್ತಾ ಹೋದ. ಹೆಂಡತಿಗೆ ಇದು ನಾಲ್ಕು ದಿನ ತಮಾಷೆಯಾಗಿತ್ತು. ಐದನೆಯ ದಿನ, “ರೀ, ಅತ್ತಿಗೆಗೆ ಏನೋ ಸರಿ ಇಲ್ಲ, ಕೇಳಿ ನೋಡಿ” ಎಂದಳು. ಇವನು, “ವಯಸ್ಸಾಯ್ತು, ಮರೆವು” ಎಂದು ತಳ್ಳಿಹಾಕಿದ. ಜಗತ್ತಿನಲ್ಲಿ ಯಾರು ಮರೆತರೂ ಈ ಅಕ್ಕ ಮರೆಯುವವಳಲ್ಲ, ಅವಳು ದೀಪ ಬಿಡುತ್ತಿದ್ದಾಳೆಂದರೆ ಅದಕ್ಕೊಂದು ಕಾರಣವಿರಲೇಬೇಕು ಎಂದು ಮೀಟರು ಓದಿದ ಆ ಮಹಾಬುದ್ಧಿವಂತನಿಗೆ ಹೊಳೆಯಲಿಲ್ಲ. ಪರರ ಮನೆಯ ಚಕ್ರ ನೋಡಿ ಒಳಗೇನಾಗುತ್ತಿದೆ ಎಂದು ಹೇಳುವವನು ಸ್ವಂತ ಅಕ್ಕನ ಮುಖ ನೋಡಿ ಹೇಳಲಾರದೆ ಹೋದ.

ಒಂಬತ್ತನೆಯ ದಿನ ಮಧ್ಯಾಹ್ನ ಅವನು ಸ್ನಾನ ಮುಗಿಸಿ ಹಾಲಿಗೆ ಬಂದರೆ, ಅಕ್ಕ ಕಿಟಕಿಯ ಪಕ್ಕ ಕೂತು ಅವನ ನೀಲಿ ಅಂಗಿಯ ಕಾಲರ್ ತಿರುಗಿಸುತ್ತಿದ್ದಳು. ಕತ್ತಿನ ಹತ್ತಿರ ಸವೆದ ಕಾಲರನ್ನು ಬಿಚ್ಚಿ, ಒಳಮೈಯನ್ನು ಹೊರಕ್ಕೆ ತಿರುಗಿಸಿ ಮತ್ತೆ ಹೊಲಿದರೆ ಅಂಗಿ ಇನ್ನೆರಡು ವರ್ಷ ಬರುತ್ತದೆ. ಇದು ಅಕ್ಕನ ಹಳೆಯ ವಿದ್ಯೆ. ಕಿಟಕಿಯಲ್ಲಿ ಬೇಕಾದಷ್ಟು ಬಿಸಿಲು. ಆದರೂ ತಲೆಯ ಮೇಲೆ ಟ್ಯೂಬ್‌ಲೈಟು, ಮೊಣಕಾಲ ಹತ್ತಿರ ಮೇಜಿನ ದೀಪ.

“ಹಗಲು ಹೊತ್ತಲ್ಲಿ ಎರಡೆರಡು ದೀಪ!” ಎಂದು ಅವನು ಎರಡನ್ನೂ ಆರಿಸಿದ.

“ಒಂದು ನಿಮಿಷ ಇರೋ. ಸೂಜಿಗೆ ದಾರ ಪೋಣಿಸ್ಕೊಳ್ತೀನಿ.”

“ಈ ಬಿಸಿಲಲ್ಲಿ ಕಾಣ್ದೇ ಇರೋ ಸೂಜಿ ಯಾವುದಕ್ಕ? ಒಂಬತ್ತು ದಿನದಿಂದ ನಿನ್ನ ಹಿಂದೆ ಆರಿಸ್ಕೊಂಡು ತಿರುಗೋದೇ ನನ್ನ ಕೆಲಸ ಆಗಿದೆ. ಹೀಗೇ ಉರಿಸೋ ಹಾಗಿದ್ರೆ ನಿನ್ನ ಮನೇಲಿ ಉರಿಸ್ಕೋ.”

ನಾಲಿಗೆ ಜಾರಿತು. ಜಾರಿದ್ದು ಅವನಿಗೂ ತಿಳಿಯಿತು. ಒಂದೇ ಬಲ್ಬಿನ ಕೆಳಗೆ ಓರೆಯಾಗಿ ಕೂತು ಬೆಳಕನ್ನೆಲ್ಲ ತಮ್ಮನ ಪುಸ್ತಕಕ್ಕೆ ಬಿಟ್ಟುಕೊಟ್ಟವಳಿಗೆ ಅವನು “ನಿನ್ನ ಮನೆ” ಎಂದಿದ್ದ. ಅಕ್ಕ ದಾರ ಪೋಣಿಸದ ಸೂಜಿಯನ್ನು ಕಾಲರಿಗೆ ಚುಚ್ಚಿ, ಅಂಗಿಯನ್ನು ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಸಂಜೆಯೊಳಗೆ ಮಗಳಿಗೆ ಫೋನು ಮಾಡಿ, ಒದ್ದೆ ಬಣ್ಣದ ಮನೆಗೇ ಹೊರಟುಹೋದಳು. ತಡೆಯಬೇಕೆಂದು ಇವನ ಗಂಟಲ ತನಕ ಬಂದಿತ್ತು. ಹಾಳು ಬಿಗುಮಾನ, ಗಂಟಲಲ್ಲೇ ಕೂತಿತು.

ಆಮೇಲೆ ಹೆಂಡತಿ ಎಷ್ಟು ಹೇಳಿದರೂ “ಹೋಗೋಣ”, “ನೋಡೋಣ”, “ಮುಂದಿನ ವಾರ.” ಅಕ್ಕನ ಮನೆ ಇದ್ದದ್ದು ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದೂರ. “ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡಿ. ಹೂಂ ಅನ್ನಿ ಇಲ್ಲಾ ಉಹೂಂ ಅನ್ನಿ” ಎಂದಳು ಒಮ್ಮೆ. ತಾನೇ ಮತ್ತೆ, “ಆ ದೀಪಾನೂ ಆರಿಸ್ಬಿಡ್ತೀರಿ ನೀವು, ನನಗೆ ಗೊತ್ತಿಲ್ವಾ” ಎಂದು ಸೇರಿಸಿದಳು. ಅವನು ನಕ್ಕ. ಹೋಗಲಿಲ್ಲ.

ಹೀಗೆ ಆರು ತಿಂಗಳು ಕಳೆದ ಮೇಲೆ ಒಂದು ಸಂಜೆ, ಏಳು ಗಂಟೆ ಇರಬಹುದು, ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಅವನು ಹಾಲಿನಲ್ಲಿ ಪೇಪರು ಓದುತ್ತಿದ್ದ. ಕರೆಗಂಟೆ ಸದ್ದಾಯಿತು. ಕನ್ನಡಕ ತೆಗೆದು ಡಬ್ಬಿಗೆ ಹಾಕಿ, ಪೇಪರು ಮಡಿಸಿ ಎದ್ದ. ಎದ್ದವನ ಕೈ ಗೋಡೆಗೆ ಹೋಯಿತು, ಟಕ್ ಎಂದು ದೀಪ ಆರಿತು. ಹಾಲಿನಿಂದ ಮುಂಬಾಗಿಲಿಗೆ ಒಂದು ಓಣಿಯಂಥ ಜಾಗ, ಹನ್ನೊಂದು ಹೆಜ್ಜೆ. ಕತ್ತಲಲ್ಲೇ ನಡೆಯುವುದು ಅವನಿಗೆ ರೂಢಿ. ಬಾಗಿಲು ತೆಗೆಯಲು ಕೈ ಸಾಕು, ಕಣ್ಣೇಕೆ? ಆವತ್ತು ಮಾತ್ರ ಹೆಂಡತಿ ಓಣಿಯಲ್ಲಿ ಒಣಗಲು ಬಿಚ್ಚಿಟ್ಟಿದ್ದ ಕೊಡೆ ಕಾಲಿಗೆ ತೊಡರಿತು. ಅದನ್ನು ಬಿಡಿಸಿ, ಮಡಿಸಿ, ಮೂಲೆಗಿಟ್ಟು, ಚಿಲಕ ತಡವಿ ಬಾಗಿಲು ತೆಗೆಯುವಷ್ಟರಲ್ಲಿ ಹೊರಗೆ ಯಾರೂ ಇರಲಿಲ್ಲ.

ಮೆಟ್ಟಿಲಲ್ಲಿ ಕತ್ತಲೆ. ಕೆಳಗಡೆ, ಎರಡನೇ ಮಹಡಿಯ ತಿರುವಿನ ಹತ್ತಿರ, ಚಪ್ಪಲಿಯ ಸದ್ದು. ಒಂದು ಹೆಜ್ಜೆ, ನಿಲ್ಲುವುದು, ಮತ್ತೊಂದು ಹೆಜ್ಜೆ. ಕರೆಗಂಟೆ ಒತ್ತಿ ಓಡಿಹೋಗುವ ಮಕ್ಕಳ ಹೆಜ್ಜೆಯಲ್ಲ ಇದು ಎಂದು ಅವನ ಕಿವಿಗೆ ತಿಳಿಯಿತು. ಮೆಟ್ಟಿಲ ದೀಪದ ಗುಂಡಿ ಅವನ ಬಲಗೈಯ ಪಕ್ಕದಲ್ಲೇ ಇತ್ತು. ಒತ್ತಿದ್ದರೆ ಮೂರು ಮಹಡಿಯೂ ಬೆಳಗುತ್ತಿತ್ತು, ಕಂಬಿಯ ಮೇಲಿಂದ ಬಗ್ಗಿದ್ದರೆ ಕಾಣುತ್ತಿತ್ತು. ಯಾರೋ ಮನೆ ತಪ್ಪಿ ಬಂದವರಿರಬೇಕು, ಇಳಿದು ಹೋಗುತ್ತಿದ್ದಾರೆ, ಅವರಿಗೆ ಬೇಕಿದ್ದರೆ ಅವರೇ ಒತ್ತಿಕೊಳ್ಳುತ್ತಾರೆ, ಸುಮ್ಮನೆ ಒಂದು ನಿಮಿಷದ ಕರೆಂಟು ದಂಡ ಎಂದುಕೊಂಡು ಅವನು ಬಾಗಿಲು ಹಾಕಿಕೊಂಡ. ಒಳಗೆ ಬಂದು ದೀಪ ಹಾಕಿ ಪೇಪರಿನ ಉಳಿದ ಪುಟ ಓದಿದ.

ಆ ಸಂಜೆಯ ನಂತರ ಅಕ್ಕ ಹೆಂಡತಿಯ ಫೋನನ್ನೂ ಎತ್ತಲಿಲ್ಲ. ಹೆಂಡತಿ ಒಮ್ಮೆ ಅವರ ಮನೆಯ ತನಕ ಹೋಗಿಬಂದಳು. ಅಕ್ಕನ ಮಗಳು ಬಾಗಿಲಲ್ಲೇ ನಿಂತು, “ಅಮ್ಮ ಮಲಗಿದ್ದಾಳೆ” ಎಂದಳಂತೆ. ಈಗ ಇವನಿಗೂ ಒಂದು ನೆಪ ಸಿಕ್ಕಿತು: ಹಿರಿಯಳಾದವಳೇ ಇಷ್ಟು ಹಟ ಹಿಡಿದರೆ ಚಿಕ್ಕವನೇನು ಮಾಡಬೇಕು? ನೆಪ ಸಿಕ್ಕವನಿಗೆ ದಿನ ಕಳೆಯುವುದು ಕಷ್ಟವಲ್ಲ. ನಾಲ್ಕು ವರ್ಷ ಕಳೆಯಿತು.

ಕನ್ನಡಕದ ನಂಬರು ಬದಲಾಗಿದೆಯೆಂದು ಒಂದು ಬೆಳಿಗ್ಗೆ ಅವನು ಕಣ್ಣಾಸ್ಪತ್ರೆಗೆ ಹೋದ. ಬೆಂಚಿನ ಮೇಲೆ ಅಕ್ಕನ ಮಗಳು ಕೂತಿದ್ದಳು, ಮಡಿಲಲ್ಲಿ ದಪ್ಪ ಫೈಲು. ಇವನನ್ನು ನೋಡಿ ಮುಖ ತಿರುಗಿಸಿದಳು. ಇವನೇ ಹತ್ತಿರ ಹೋಗಿ, “ಚೆನ್ನಾಗಿದೀಯಾ? ನಿನಗೇನಾಯ್ತು ಕಣ್ಣಿಗೆ?” ಎಂದ.

“ನನಗಲ್ಲ, ಅಮ್ಮನಿಗೆ.” ಅವಳು ಫೈಲು ನೋಡುತ್ತಲೇ ಹೇಳಿದಳು. “ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ನರ ಒಣಗಿಹೋಗಿದೆ. ಎರಡು ವರ್ಷ ಆಯ್ತು, ಪೂರ್ತಿ ಕಾಣಲ್ಲ. ನೋವಿಗೆ ಹನಿ ಹಾಕ್ತೀವಿ, ಅದನ್ನ ಬರೆಸ್ಕೊಂಡು ಹೋಗೋಕೆ ಬಂದೆ.”

ಅವನು ಅವಳ ಪಕ್ಕ ಕೂತ. “ಯಾವಾಗಿಂದ ಇದು?”

“ತುಂಬ ಹಿಂದೇನೇ ಶುರುವಾಗಿತ್ತಂತೆ. ಮೊದಮೊದಲು ಮಬ್ಬು ಬೆಳಕಲ್ಲಿ ಕಾಣ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ ಅವಳು. ಹೊಲಿಯೋದು ಬಿಡಿಸ್ತೀವಿ ಅಂತ ಹೆದರಿಕೆ.”

ಸುಣ್ಣಬಣ್ಣದ ಆ ಒಂಬತ್ತು ದಿನ, ಸಾಲು ದೀಪ, ದಾರವಿಲ್ಲದ ಸೂಜಿ, ಎಲ್ಲ ಒಟ್ಟಿಗೆ ಬಂದು ಅವನ ಎದೆಯ ಮೇಲೆ ಕೂತವು. “ನನಗೆ ಒಂದು ಮಾತು ಹೇಳ್ಬಾರದಿತ್ತಾ?” ಎಂದ, ಮೆಲ್ಲಗೆ.

ಆಗ ಅವಳು ತಲೆಯೆತ್ತಿದಳು. “ಹೇಳೋಕೇ ಬಂದಿದ್ಲಲ್ಲ ಮಾವ. ಡಾಕ್ಟರು ವಿಷಯ ಹೇಳಿದ ದಿನಾನೇ, ತಮ್ಮನಿಗೆ ಹೇಳ್ತೀನಿ ಅಂತ ಒಬ್ಬಳೇ ಬಸ್ಸು ಹತ್ತಿ ಬಂದ್ಲು. ನಿಮ್ಮ ಮೆಟ್ಟಿಲಲ್ಲಿ ಅರ್ಧಕ್ಕೇ ದೀಪ ಆರೋಯ್ತಂತೆ. ಗೋಡೆ ಹಿಡ್ಕೊಂಡು ಹತ್ತಿದ್ಲು. ನಿಮ್ಮ ಬಾಗಿಲ ಮೇಲಿನ ಗಾಜಲ್ಲಿ ಬೆಳಕು ಕಾಣ್ತಿತ್ತಂತೆ, ಅದನ್ನೇ ನೋಡ್ಕೊಂಡು ಬಂದು ಬೆಲ್ ಒತ್ತಿದ್ಲು. ಒತ್ತಿದ ತಕ್ಷಣ ನೀವು ಟಕ್ ಅಂತ ದೀಪ ಆರಿಸಿದ್ರಿ. ಮನೇಲಿಲ್ಲ ಅಂತ ತೋರಿಸೋಕೆ. ಬಾಗಿಲಿಗೆ ಬಂದ ಅಕ್ಕನ ಮುಖದ ಮೇಲೆ ದೀಪ ಆರಿಸಿದ್ರಲ್ಲ ಮಾವ, ನಾನು ಅದನ್ನ ಹೇಗೆ ಹೊಟ್ಟೆಗೆ ಹಾಕ್ಕೊಳ್ಳಲಿ?”

ನರ್ಸು ಅವನ ಸರದಿಯ ಚೀಟಿ ಕೂಗಿದಳು. ಅವನು ಆಸ್ಪತ್ರೆಯಿಂದ ಹೊರಗೆ ಬಂದು, ನೆಟ್ಟಗೆ ಬಸ್ಸು ಹತ್ತಿದ.

ಇಪ್ಪತ್ತು ನಿಮಿಷ. ನಾಲ್ಕು ವರ್ಷ ಅವನಿಂದ ಆಗದೆ ಹೋದ ಇಪ್ಪತ್ತು ನಿಮಿಷ. ಅಕ್ಕನ ಮನೆಯ ಬಾಗಿಲು ಸುಮ್ಮನೆ ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಒಳಕೋಣೆಯ ಕಿಟಕಿಗೆ ದಪ್ಪ ಪರದೆ, ಹಗಲಿನಲ್ಲೂ ಅರ್ಧ ಕತ್ತಲೆ. ಮಂಚದ ಅಂಚಿನಲ್ಲಿ ಅಕ್ಕ ಕೂತಿದ್ದಳು, ಬೆನ್ನು ನೆಟ್ಟಗೆ, ಕೈಗಳೆರಡೂ ಮಡಿಲಲ್ಲಿ. ಹೊಲಿಗೆ ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿತ್ತು.

“ಅಕ್ಕ” ಎಂದ.

ಅವಳು ಮುಖ ತಿರುಗಿಸಲಿಲ್ಲ, ಕಿವಿ ತಿರುಗಿಸಿದಳು. “ಬಂದ್ಯಾ” ಎಂದಳು. “ಲೈಟ್ ಹಾಕ್ಕೋ. ನನಗೆ ಬೇಕಾಗಿಲ್ಲ, ನಿನಗೆ ಬೇಕಲ್ಲ.”

ಅವನು ದೀಪ ಹಾಕಿ ಅವಳ ಕಾಲ ಬುಡದಲ್ಲಿ ನೆಲಕ್ಕೆ ಕೂತ. ಆ ಸಂಜೆಯ ಕಥೆಯನ್ನು ಹೇಳಿದ. ಪೇಪರು, ಕನ್ನಡಕ, ಕೈ ತಾನಾಗಿ ಸ್ವಿಚ್ಚಿಗೆ ಹೋದದ್ದು, ಓಣಿಯ ಕೊಡೆ. “ಬಾಗಿಲು ತೆಗೆಯೋಕೆ ಅಂತಲೇ ಎದ್ದೆ ಅಕ್ಕ. ಎದ್ದೆ, ಅದಕ್ಕೇ ಆರಿಸಿದೆ. ಬೇರೆ ಏನೂ ಇಲ್ಲ.”

ಅಕ್ಕ ಕೇಳಿಸಿಕೊಂಡಳು. ಅವಳ ಬೆರಳುಗಳು ಮಡಿಲಲ್ಲಿ ಇಲ್ಲದ ಸೂಜಿಯೊಂದನ್ನು ಉರುಳಿಸುತ್ತಿದ್ದವು.

“ನಾನೇ ಕಲಿಸಿದ್ದು” ಎಂದಳು. “ಎದ್ದವರು ಆರಿಸಬೇಕು. ನನಗೇ ಹೊಳೀಲಿಲ್ಲ ನೋಡು. ಈ ನಾಲ್ಕು ವರ್ಷದಲ್ಲಿ ಒಂದು ಸಲಾನೂ ಹೊಳೀಲಿಲ್ಲ. ಸಿಟ್ಟು ಬಂದ್ರೆ ಬುದ್ಧಿ ಎಲ್ಲಿ ಹೋಗತ್ತೋ.” ಆಮೇಲೆ ಕೇಳಿದಳು: “ಬಾಗಿಲು ತೆಗ್ದು ನೋಡಿದ್ಯಾ?”

“ತೆಗ್ದೆ. ಮೆಟ್ಟಿಲಲ್ಲಿ ಕತ್ತಲೆ ಇತ್ತು.”

“ನಾನು ಇನ್ನೂ ಇಳೀತಾ ಇದ್ದೆ. ಮೆಟ್ಟಿಲು ಕಾಣ್ತಿರಲಿಲ್ಲ, ಬೇಗ ಇಳಿಯೋಕಾಗ್ಲಿಲ್ಲ. ನನ್ನ ಹೆಜ್ಜೆ ಕೇಳಿಸ್ಲಿಲ್ವಾ?”

ಇಲ್ಲ ಎಂದುಬಿಡಬಹುದಿತ್ತು. ಅವಳಿಗೆ ಅವನ ಮುಖ ಕಾಣುವಂತಿರಲಿಲ್ಲ. ಇಲ್ಲ ಎಂದಿದ್ದರೆ ತಪ್ಪೆಲ್ಲ ಕೊಡೆಯ ಮೇಲೆ, ಕತ್ತಲೆಯ ಮೇಲೆ, ಅವಳ ಸಿಟ್ಟಿನ ಮೇಲೆ ಹೋಗುತ್ತಿತ್ತು.

“ಕೇಳಿಸ್ತು” ಎಂದ.

“ಗುಂಡಿ ಇತ್ತಲ್ಲೋ ಅಲ್ಲಿ.”

“ಇತ್ತು.”

ಅಕ್ಕ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಒಂದು ನಿಮಿಷದ ಕರೆಂಟು ದಂಡ ಎಂದು ಹೇಳಬೇಕಾಗುತ್ತಿತ್ತು. ಅವಳು ಕೇಳದೆ ಇದ್ದದ್ದು ಅವನನ್ನು ಇನ್ನೂ ಕೊರೆಯಿತು. ಅವನು ಅವಳ ಪಾದದ ಮೇಲೆ ಕೈಯಿಟ್ಟು ಅತ್ತ. ಅರವತ್ತೈದರ ಮುದುಕ, ಆರು ವರ್ಷದ ಹುಡುಗನ ಹಾಗೆ ಸದ್ದು ಮಾಡಿ ಅತ್ತ. ಅಕ್ಕ ತಡೆಯಲಿಲ್ಲ. ಅಳು ಒಂದಿಷ್ಟು ಇಳಿದ ಮೇಲೆ ಕೈ ಚಾಚಿ, ಅವನ ತಲೆ ಎಲ್ಲಿದೆಯೆಂದು ಗಾಳಿಯಲ್ಲಿ ಹುಡುಕಿ, ಸಿಕ್ಕಿದ ಮೇಲೆ ಕೂದಲಲ್ಲಿ ಬೆರಳಾಡಿಸಿದಳು. “ಕೂದಲೆಲ್ಲ ಎಲ್ಲಿ ಹೋಯ್ತೋ ನಿಂದು?” ಎಂದಳು. ಅವನು ಅಳುತ್ತಲೇ ನಕ್ಕ.

“ಆ ಬೀರು ತೆಗಿ. ಕೆಳಗಿನ ಅರೆ, ಎಡಗಡೆ. ನಿನ್ನ ಅಂಗಿ ಇದೆ. ಆವತ್ತು ಕೊಡೋಕೆ ಅಂತ ನಿನ್ನ ಮನೆಗೆ ತಂದಿದ್ದೆ, ಹಾಗೇ ವಾಪಸ್ಸು ತಂದೆ.”

ನೀಲಿ ಅಂಗಿ ಮಡಿಕೆ ಕೆಡದ ಹಾಗೆ ಇತ್ತು. ಕಾಲರ್ ತಿರುಗಿಸಿ ಹೊಲಿದಾಗಿತ್ತು. ಎಡದಿಂದ ಅರ್ಧದ ತನಕ ಅಕ್ಕನ ಹೊಲಿಗೆ, ಅಳತೆಪಟ್ಟಿ ಇಟ್ಟು ಗೀಟು ಎಳೆದ ಹಾಗೆ. ಅಲ್ಲಿಂದ ಮುಂದೆ ದಾರ ದಾರಿ ತಪ್ಪಿತ್ತು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಒಂದು ಕಡೆ ಬಟ್ಟೆಯ ಅಂಚನ್ನೇ ಬಿಟ್ಟುಹೋಗಿತ್ತು. ಅವನು ಅದರ ಮೇಲೆ ಹೆಬ್ಬೆರಳಾಡಿಸಿದ.

“ಚೆನ್ನಾಗಿ ಬಂದಿದ್ಯಾ? ಅದೇ ಕಡೇದು, ಆಮೇಲೆ ಹೊಲೀಲಿಲ್ಲ.”

“ಚೆನ್ನಾಗಿ ಬಂದಿದೆ ಅಕ್ಕ.”

“ಸುಳ್ಳು” ಎಂದಳು. ಆಮೇಲೆ, “ಬಾಯಿ ಒಣಗ್ತಿದೆ” ಎಂದಳು.

“ಇರು, ನೀರು ತರ್ತೀನಿ” ಎನ್ನಬೇಕಿತ್ತು. ಆ ಹೊಲಿಗೆಯನ್ನೇ ನೋಡುತ್ತಾ, ಹೇಳುವುದು ಮರೆತು, ನೀರು ತರಲು ಹೊಸ್ತಿಲ ತನಕ ಹೋದ. ಅಂಗಿ ಎಡಗೈಯಲ್ಲಿತ್ತು. ಬಲಗೈ ಗೋಡೆಯ ಮೇಲೆ ತಾನಾಗಿ ಮೇಲೆದ್ದಿತು. ಟಕ್.

ಅಕ್ಕನ ಬೆನ್ನು ಸೆಟೆಯಿತು. ಕುರುಡು ಕಣ್ಣುಗಳು ಆ ಸದ್ದಿನ ಕಡೆಗೆ ಹೊರಳಿದವು.

“ಹೊರಟೇ ಬಿಟ್ಯಾ?” ಎಂದಳು. ಸಿಟ್ಟಿರಲಿಲ್ಲ. ಗೊತ್ತಿದ್ದೇ ಎಂಬ ಹಾಗಿತ್ತು ಆ ದನಿ.

“ಇಲ್ಲ ಅಕ್ಕ! ನೀರಿಗೆ. ನೀರು ತರೋಕೆ ಎದ್ದೆ ಅಷ್ಟೇ.” ಅವನ ಕೈ ಮತ್ತೆ ಸ್ವಿಚ್ಚು ಹುಡುಕಿತು.

“ಹಾಕಿದ್ಯಾ?”

“ಹಾಕ್ದೆ. ಹಾಕಿದೀನಿ.”

“ಉರೀಲಿ ಬಿಡು, ನೀನು ಬರೋ ತನಕ.”

ಅವನು ಆ ದೀಪವನ್ನು ಅದು ಬೇಡದವಳ ತಲೆಯ ಮೇಲೆ ಉರಿಯಲು ಬಿಟ್ಟು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಅಡುಗೆಮನೆಗೆ ಹೋದ.